ಗೋಡೆ ಕುಡಿದ ಬೆಲ್ಲ

“ಈ ನೆಲ ಎಂತ, ಹಸಿ ಬಾಣಂತಿಯಾ, ಇಷ್ಟೊಂದು ಎಣ್ಣೆ ಕುಡಿಯಕ್ಕೆ?”

ಮಾಸ್ತಮ್ಮ ಕೇಳಿದ್ದು ಯಾರನ್ನೂ ಅಲ್ಲ. ಪುರಭವನದ ಖಾಲಿ ಸಭಾಂಗಣದಲ್ಲಿ ಮಂಡಿಯೂರಿ, ಕೆಂಪು ಗಾರೆ ನೆಲಕ್ಕೆ ಕೊಬ್ಬರಿ ಎಣ್ಣೆ ತಿಕ್ಕುತ್ತಿದ್ದಳು. ತಿಕ್ಕಿದಷ್ಟೂ ನೆಲ ಕನ್ನಡಿಯಾಗುತ್ತಿತ್ತು. ಅವಳ ಹಿಮ್ಮಡಿ ಒಡೆದು ರಕ್ತ ಜಿನುಗುತ್ತಿತ್ತು. ಅದಕ್ಕೆ ಎಣ್ಣೆ ತಂದುಕೊಟ್ಟವರಿರಲಿಲ್ಲ.

ನಾಳೆ ಪುರಭವನಕ್ಕೆ ತೊಂಬತ್ತು ವರ್ಷ ತುಂಬಿದ ಉತ್ಸವ. ಸಮಿತಿಯ ಅಧ್ಯಕ್ಷ ವಾಸಪ್ಪ ಬೂಟುಗಾಲಲ್ಲೇ ಒಳಬಂದ. ಈ ಕಟ್ಟಡದ ಗುತ್ತಿಗೆ ಹಿಡಿದಿದ್ದವನು ಅವನ ಅಜ್ಜ. ಅಜ್ಜನ ಫೋಟೋ ಗಂಧದ ಹಾರ ಹಾಕಿಕೊಂಡು ಆಗಲೇ ವೇದಿಕೆ ಏರಿತ್ತು.

“ಏ ಮುದ್ಕಿ, ತಿಕ್ಕಿದ್ದಾದ್ಮೇಲೆ ಹಿಂದಿನ ಬಾಗ್ಲಲ್ಲಿ ಹೋಗು. ನಿನ್ ಹೊಲಸು ಹೆಜ್ಜೆ ಮೂಡಿದ್ರೆ ನಾಲ್ಗೇಲಿ ಒರೆಸ್ತೀನಿ.”

“ನಿಮ್ ಬೂಟಿಂದು ಮೂಡಲ್ವಾ ಒಡೇರೆ?”

“ಮುಚ್ಚೇ ಬಾಯಿ, ಹಲ್ಕಾ ಮುಂಡೆ.”

ಅಷ್ಟರಲ್ಲಿ ಮೇಷ್ಟರ ಮಗಳು ಗಾನವಿ ಹಾಡಿನ ತಾಲೀಮಿಗೆ ಬಂದಳು. ತಿಂಗಳ ಹಿಂದೆ ಮಾಸ್ತಮ್ಮ ಅಂಗಳ ಗುಡಿಸುತ್ತ ಗುನುಗಿದ್ದನ್ನು ಫೋನಿನಲ್ಲಿ ಹಿಡಿದುಕೊಂಡು ಹೋಗಿದ್ದಳು. ಅದು ಗಾರೆ ಕುಟ್ಟುವ ಹಾಡು. ಈ ಕಟ್ಟಡ ಏಳುವಾಗ ಮಾಸ್ತಮ್ಮನ ಅಜ್ಜಿ, ಸಾಲಾಗಿ ನಿಂತ ಹೆಂಗಸರೊಂದಿಗೆ ಕೊಡತಿ ಎತ್ತಿ ಕುಟ್ಟುತ್ತ, ಉಸಿರಿಗೊಂದು ಸೊಲ್ಲು ಕಟ್ಟಿದ್ದಳು.

ಗಾನವಿ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದಳು.

“ಕುಟ್ಟವ್ವ ತಂಗಿ ಕುಟ್ಟು, ತೋಳು ಬಿದ್ರೂ ಕುಟ್ಟು,
ಗೋಡೆಗೆ ಬೆಲ್ಲದ ನೀರು, ಗಂಜಿಗೆ ಉಪ್ಪಿಲ್ಲ ಕುಟ್ಟು...”

ಎಂಥ ಕಂಠ! ಮಾಸ್ತಮ್ಮ ಎಣ್ಣೆಬಟ್ಟೆಯನ್ನು ನೆಲಕ್ಕೆ ಇನ್ನಷ್ಟು ಒತ್ತಿ ತಿಕ್ಕಿದಳು. ಹುಡುಗಿ ಕೆಟ್ಟದಾಗಿ ಹಾಡಿದ್ದರೆ ಮನಸ್ಸಿನಲ್ಲೇ ಬೈದು ಹಗುರಾಗಬಹುದಿತ್ತು. ಅಜ್ಜಿಯ ಬಾಯಲ್ಲಿ ಏದುಸಿರಾಗಿದ್ದದ್ದು ಇವಳ ಬಾಯಲ್ಲಿ ಆಲಾಪವಾಗಿತ್ತು. ತೋಳು ಬೀಳುವಲ್ಲಿ ವಾಸಪ್ಪ ತಲೆದೂಗಿ “ಆಹಾ” ಎಂದ.

“ಇನ್ನೊಂದು ನುಡಿ ಇದೆಯಂತೆ ಅಂಕಲ್,” ಎಂದಳು ಗಾನವಿ. “ಅದ್ರಲ್ಲಿ ನಿಮ್ಮಜ್ಜನ ಹೆಸರು ಬರತ್ತಂತೆ. ಮಾಸ್ತಮ್ಮಜ್ಜಿ ಅವತ್ತು ಅಷ್ಟು ಹೇಳಿ ಸುಮ್ಮನಾಗಿಬಿಟ್ರು.”

ವಾಸಪ್ಪನ ಮುಖ ಅರಳಿತು. “ಹೌದೇನೆ? ನಮ್ಮಜ್ಜನ ಮೇಲೆ ಹಾಡೈತಾ? ಮಾಸ್ತಿ, ಬಾ ಇಲ್ಲಿ. ಈ ಹುಡ್ಗಿಗೆ ಹೇಳ್ಕೊಡು.”

“ನಾನೇ ಹಾಡ್ತೀನಿ ಒಡೇರೆ. ಮ್ಯಾಲೆ ನಿಂತ್ಕಂಡು.”

“ಥೂ, ನಿನ್ ಗಂಟ್ಲು ಕೇಳಿದ್ರೆ ಕಾಗೇನೂ ಹಾರಿಹೋಗ್ತದೆ. ಮಿನಿಸ್ಟ್ರು ಬರ್ತಾರೆ ಕಣೇ. ನೀ ಹೇಳ್ಕೊಡು ಸಾಕು. ಕೆಲ್ಸ ಖಾಯಂ ಆಗ್ಬೇಕು ಅಂತ ಅಳ್ತಿದ್ಯಲ್ಲ? ಆಫೀಸಲ್ಲಿ ಒಂದು ಮಾತು ಹಾಕ್ತೀನಿ.”

ಮಾಸ್ತಮ್ಮ ಗೋಡೆಯತ್ತ ನೋಡಿದಳು. ಗಾರೆಗೆ ಕಲಸುವ ಬೆಲ್ಲದ ನೀರನ್ನು ಕೂಲಿಯವರು ಕುಡಿಯಬಾರದೆಂದು ವಾಸಪ್ಪನ ಅಜ್ಜ ಅದಕ್ಕೆ ಸಗಣಿ ಕದಡಿಸುತ್ತಿದ್ದ. ಆದರೂ ಒಂದು ದಿನ, ಹಸಿದ ಕೂಸೊಂದು ಬೆರಳದ್ದಿ ನೆಕ್ಕಿತು. ಅವನು ಆ ಕೈಯನ್ನು ಹಿಡಿದು ಕುದಿಯುವ ಸುಣ್ಣದ ಗುಂಡಿಗೆ ಅದ್ದಿದ. ಆ ಕೂಸು ಮಾಸ್ತಮ್ಮನ ಅವ್ವ. ಸಾಯುವ ತನಕ ಅವಳ ಬಲಗೈ ಬೆರಳುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಹಾಡಿನ ಕೊನೆಯ ನುಡಿ ಅದೇ ಕತೆ. ಅವ್ವ ಅದೇ ಕೈಯಿಂದ ಬೆನ್ನು ತಟ್ಟುತ್ತ, ಅದನ್ನೇ ಹಾಡಿ ಮಾಸ್ತಮ್ಮನನ್ನು ಮಲಗಿಸುತ್ತಿದ್ದಳು.

ಗಾನವಿ ವೇದಿಕೆ ಇಳಿದು ಬಂದು ಪಕ್ಕದಲ್ಲಿ ಕೂತಳು. ಅವಳ ಹೆಜ್ಜೆಗಳು ಎಣ್ಣೆಯ ಮೇಲೆ ಮೂಡಿದವು, ಯಾರೂ ಬೈಯಲಿಲ್ಲ.

“ಅಜ್ಜಿ, ಅದ್ರಲ್ಲಿ ಏನೇ ಇರ್ಲಿ, ಇದ್ದ ಹಾಗೇ ಹಾಡ್ತೀನಿ. ದೇವರಾಣೆ. ನಂಗೆ ಕೊಡಿ.”

ಹುಡುಗಿ ಸುಳ್ಳು ಹೇಳುತ್ತಿರಲಿಲ್ಲ. ಮಾಸ್ತಮ್ಮ ಆ ಎಳೆಯ ಗಂಟಲನ್ನೇ ನೋಡಿದಳು. ಅಲ್ಲಿಗೆ ಬಿದ್ದರೆ ಸುಣ್ಣವೂ ಬೆಲ್ಲವಾಗುತ್ತದೆ. ಅವ್ವನ ಬೆರಳು ಬೇಯುವಲ್ಲಿ ಮಿನಿಸ್ಟರು ತಲೆದೂಗುತ್ತಾರೆ.

“ಹೇಳೇ! ಎಂತ ದೆವ್ವ ಮೆಟ್ಕಂಡೈತೆ?” ವಾಸಪ್ಪ ಗದರಿದ.

ಅವಳು ಎಣ್ಣೆಬಟ್ಟೆಯನ್ನು ಹಿಂಡಿದಳು. ಬಂದಷ್ಟನ್ನೂ ತನ್ನ ಒಡೆದ ಹಿಮ್ಮಡಿಗೆ ನಿಧಾನವಾಗಿ ಸವರಿಕೊಂಡಳು. ಎದ್ದು ಮುಂಬಾಗಿಲ ಕಡೆಗೆ ನಡೆದಳು. ಹೊಳೆಯುವ ನೆಲದ ಮೇಲೆ ಎಣ್ಣೆ, ನೆತ್ತರು ಬೆರೆತ ಹೆಜ್ಜೆಗಳು ಒಂದೊಂದಾಗಿ ಮೂಡಿದವು. ಹೊಸ್ತಿಲಲ್ಲಿ ತಿರುಗಿದಳು.

“ಕೊಡಲ್ಲ,” ಎಂದಳು. “ನಿಂಗೂ ಕೊಡಲ್ಲ ಕಣವ್ವ.”