ನಲ್ಲಿ ಮೂಗಿನ ಚಿತ್ರ

"ಕೆರಿಯೇ ಲೌಡಿ, ಕೆರಿ. ಕೈಗೇನು ಲಕ್ವ ಹೊಡೆದೈತಾ? ಆ ಮೂಗು ಇನ್ನೂ ಹಂಗೇ ನೇತಾಡ್ತಾ ಐತೆ."

ಕಸ ಗುಡಿಸುವವರ ಮೇಸ್ತ್ರಿ ಪರಮಶಿವಯ್ಯ ಬೆನ್ನ ಹಿಂದೆ ನಿಂತು ಬೈಯುತ್ತಿದ್ದ. ಅಂಕಮ್ಮ ತಗಡಿನ ಚೂರು ಹಿಡಿದು ಪಾರ್ಕಿನ ಗೋಡೆ ಕೆರೆಯುತ್ತಿದ್ದಳು. ಗಂಜಿ ಬಳಿದು ಅಂಟಿಸಿದ ಚಿತ್ರದ ಕಾಗದ ಒಣಗಿ ಗೋಡೆಗೆ ಚರ್ಮದ ಹಾಗೆ ಕೂತಿತ್ತು. ಕೆನ್ನೆ ಹೋಯಿತು, ಕಿವಿ ಹೋಯಿತು, ಕೊರಳಿನ ಮಫ್ಲರೂ ಹೋಯಿತು. ಮೂಗು ಮಾತ್ರ ಹೋಗಲೊಲ್ಲದು. ಮೂಗಿನ ಜಾಗದಲ್ಲಿ ಬರೆದವರು ಒಂದು ನಲ್ಲಿ ಕೂರಿಸಿದ್ದರು, ಆ ನಲ್ಲಿಯ ಬಾಯಿಗೆ ಒಂದು ದಪ್ಪ ಬೀಗ.

ಆ ಮೂಗಿನ ಯಜಮಾನರು ಪಕ್ಕದಲ್ಲೇ ಇದ್ದರು. ಪಾರ್ಕ್ ರಸ್ತೆ ಸಂಘದ ಕಾರ್ಯದರ್ಶಿ ಸೇತುರಾಮರಾಯರು, ಕೊರಳಿಗೆ ಅದೇ ಮಫ್ಲರು ಸುತ್ತಿಕೊಂಡು, ಚಿತ್ರ ಕಣ್ಣಿಗೆ ಬೀಳದ ಹಾಗೆ ಮುಖ ತಿರುಗಿಸಿ ನಿಂತಿದ್ದರು. ತಿರುಗಿಸಿದ್ದರಿಂದ ಮೂಗು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಅಂಕಮ್ಮನ ಹೊಟ್ಟೆಯೊಳಗೆ ನಗು ಇಲಿಮರಿಯ ಹಾಗೆ ಓಡಾಡತೊಡಗಿತು. ಅವಳು ತುಟಿ ಕಚ್ಚಿಕೊಂಡಳು. ಹಿಂದೆ ಕಸದ ಗಾಡಿ ಹಿಡಿದು ನಿಂತಿದ್ದ ಲಕ್ಷ್ಮಮ್ಮನಿಗೆ ಅದು ಸಾಧ್ಯವಾಗಲಿಲ್ಲ. ಅವಳ ಗಂಟಲಿನಿಂದ ಗೊರಕೆಯಂಥದೊಂದು ಸದ್ದು ಹೊರಟಿತು.

"ಏನ್ರೀ ಪರಮಶಿವಯ್ಯ, ಇವಳು ನಗ್ತಿದ್ದಾಳಲ್ರೀ," ಎಂದರು ರಾಯರು.

"ಕೆಮ್ಮು ಬುದ್ಧಿ," ಎಂದಳು ಲಕ್ಷ್ಮಮ್ಮ. "ಧೂಳು ಕುಡಿದು ಕುಡಿದು. ಕುಡಿಯಕ್ಕೆ ಬೇರೇನೂ ಸಿಗಲ್ವಲ್ಲ."

ಅದು ನಿಜವೇ ಆಗಿತ್ತು. ಎಂಟು ಹೆಂಗಸರು ಯಡಿಯೂರಿನ ಕೇರಿಯಿಂದ ಕತ್ತಲಿರುವಾಗಲೇ ಹೊರಟು, ಐದಕ್ಕೆ ಜಯನಗರದ ಈ ರಸ್ತೆಗಳಿಗೆ ಪೊರಕೆ ಹಾಕಿ, ಹತ್ತಕ್ಕೆ ಮುಗಿಸಿ, ಪಾರ್ಕಿನ ನಲ್ಲಿಗೆ ಬೊಗಸೆ ಒಡ್ಡುತ್ತಿದ್ದರು. ಹದಿನೈದು ದಿನದ ಹಿಂದೆ ರಾಯರು ಆ ನಲ್ಲಿಗೆ ಕಬ್ಬಿಣದ ಪಟ್ಟಿ ಹಾಕಿಸಿ ಬೀಗ ಜಡಿದರು. "ಮಕ್ಕಳು ಬಾಯಿ ಇಡೋ ಜಾಗ. ಬರೀ ಆರೋಗ್ಯದ ಪ್ರಶ್ನೆ ಇದು, ಬೇರೇನೂ ತಿಳ್ಕೋಬೇಡಿ," ಎಂದರು. ಬೀಗದಕೈಯನ್ನು ಜನಿವಾರಕ್ಕೆ ಕಟ್ಟಿಕೊಂಡರು. ಅಂದಿನಿಂದ ಬಾಯಾರಿದವರು ಯಾವುದಾದರೊಂದು ಗೇಟಿನ ಮುಂದೆ ನಿಂತು ಕೂಗಬೇಕು. ಒಳಗಿನವರು ಎತ್ತರದಿಂದ ಹುಯ್ಯುವ ನೀರು ಅರ್ಧ ಬಾಯಿಗೆ, ಅರ್ಧ ಮೊಣಕೈಗೆ.

ಬೀಗ ಬಿದ್ದ ಮೂರನೇ ದಿನ ಮೊದಲ ಚಿತ್ರ ಕಾಣಿಸಿತು. ಆಮೇಲೆ ಅಂಚೆ ಪೆಟ್ಟಿಗೆಯ ಪಕ್ಕ ಒಂದು, ಹಾಲಿನ ಬೂತಿನ ಹಿಂದೆ ಒಂದು. ಸಿನಿಮಾ ಪೋಸ್ಟರಿನ ಬೆನ್ನ ಮೇಲೆ ಕೆಮ್ಮಣ್ಣು, ಇದ್ದಲು, ಬಟ್ಟೆಗೆ ಹಾಕುವ ನೀಲಿ. ಒಂದರಲ್ಲಿ ರಾಯರು ತುಳಸಿಗೆ ಮೂಗಿನಿಂದಲೇ ನೀರು ಬಿಡುತ್ತಿದ್ದರು. ಇನ್ನೊಂದರಲ್ಲಿ ಅವರ ಹೆಂಡತಿ ಚೂಡಾಮಣಿಯಮ್ಮ ಮೂಗಿನ ಕೆಳಗೆ ಬಿಂದಿಗೆ ಇಟ್ಟು ಆಕಾಶ ನೋಡುತ್ತ ಕೂತಿದ್ದರು. ಹಾಲಿನ ಕ್ಯೂನಲ್ಲಿ ನಿಂತ ಜನ ಬಾಟಲಿ ಅಲುಗಾಡುವ ಹಾಗೆ ನಕ್ಕರು.

"ಕೇಳ್ರೇ ಎಲ್ಲ," ಎಂದ ಪರಮಶಿವಯ್ಯ. "ಬೆಳಿಗ್ಗೆ ನಿಮಗಿಂತ ಮುಂಚೆ ಈ ರಸ್ತೇಲಿ ನಾಯಿನೂ ಓಡಾಡಲ್ಲ. ಯಾರು ಅಂಟಿಸ್ತಾರೋ ನಿಮ್ಮ ಕಣ್ಣಿಗೇ ಬೀಳಬೇಕು. ಶನಿವಾರಕ್ಕೆ ಹೆಸರು ತರಬೇಕು. ಬರೆದೋನನ್ನ ಸ್ಟೇಷನ್ನಿಗೆ ಕೊಟ್ಟು ಬೆನ್ನ ಚರ್ಮ ಬಿಡಿಸ್ತೀವಿ. ಹೆಸರು ಬರಲಿಲ್ವೋ, ಹಾಜರಿ ಪುಸ್ತಕದಲ್ಲಿ ನಿಮ್ಮ ಎಂಟು ಹೆಸರಿಗೂ ಗೀಟು."

ಆಮೇಲೆ ಅಂಕಮ್ಮನನ್ನು ಪಕ್ಕಕ್ಕೆ ಕರೆದು ದನಿ ತಗ್ಗಿಸಿದ. "ಖಾಯಂ ಪಟ್ಟಿಗೆ ಒಂದೇ ಹೆಸರು ಕಳಿಸೋದು ಈ ಸಲ. ಹನ್ನೊಂದು ವರ್ಷದಿಂದ ನನ್ನ ಪ್ರಾಣ ತಿಂತಿದ್ದೀಯಲ್ಲ. ಹುಡುಕು."

ಅಂಕಮ್ಮನಿಗೆ ಆ ರಾತ್ರಿ ಊಟ ಸೇರಲಿಲ್ಲ. ಖಾಯಂ ಅಂದರೆ ಅವಳಿಗೆ ಒಂದೇ ಅರ್ಥ: ಒಂದು ದಿನ ಬಾರದಿದ್ದರೂ ಮರುದಿನ ತನ್ನ ಪೊರಕೆ ಬೇರೆಯವಳ ಕೈಯಲ್ಲಿ ಇರುವುದಿಲ್ಲ. ಅವಳ ಅವ್ವ ಸತ್ತ ಬೆಳಗ್ಗೆ ಅವಳು ಎರಡು ಅಡ್ಡರಸ್ತೆ ಗುಡಿಸಿ, ಹಾಜರಿ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ, ಆಮೇಲೆ ಓಡಿದ್ದಳು. ಮಣ್ಣು ಮುಚ್ಚಿ ಆಗಿತ್ತು. ಅವ್ವನ ಮುಖ ನೆನೆಸಿಕೊಂಡಾಗಲೆಲ್ಲ ಅವಳಿಗೆ ಮೊದಲು ಕಾಣುವುದು ಆ ಎರಡು ಅಡ್ಡರಸ್ತೆ.

ಸಂಘದವರೂ ಸುಮ್ಮನೆ ಕೂತಿರಲಿಲ್ಲ. ಮೂರನೇ ಮನೆಯ ಬಾಡಿಗೆದಾರನನ್ನು ಗಡ್ಡ ಬಿಟ್ಟಿದ್ದಾನೆ ಎಂಬ ಒಂದೇ ಕಾರಣಕ್ಕೆ ಕರೆಸಿ ವಿಚಾರಿಸಿದರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಕರಿಬಸವಯ್ಯ ಭೂತಗನ್ನಡಿ ತಂದು ಗೋಡೆಗೆ ಮೂಗು ತಾಗಿಸಿ ನೋಡಿ, "ಸೇತುರಾಮ್, ನಿಮ್ಮ ಮೂಗನ್ನ ಬಹಳ ಚೆನ್ನಾಗಿ ಹಿಡಿದಿದ್ದಾನೆ," ಎಂದರು. ರಾಯರು ದುರುಗುಟ್ಟಿ ನೋಡಿದ ಮೇಲೆ, "ಅಲ್ಲ, ಇದು ಎಡಗೈ ಗೆರೆ, ಅದನ್ನ ಹೇಳಕ್ಕೆ ಬಂದೆ," ಎಂದು ಸೇರಿಸಿದರು.

ಅಲ್ಲಿಂದ ಎಡಗೈಯವರ ಬೇಟೆ ಶುರುವಾಯಿತು. ಕ್ರಿಕೆಟ್ಟಿನ ಎಡಗೈ ಬೌಲರ್ ಹುಡುಗ ಅಜ್ಜಿಯ ಊರಿಗೆ ಹೋದ. ಹೋಟೆಲಿನಲ್ಲಿ ಎಡಗೈಯಲ್ಲಿ ಕಾಫಿ ಲೋಟ ಎತ್ತಿದವರು ಅತ್ತ ಇತ್ತ ನೋಡಿ ಲೋಟವನ್ನು ಬಲಗೈಗೆ ದಾಟಿಸಿಕೊಂಡರು. ಚಿಲ್ಲರೆಯನ್ನು ಎಡಗೈಯಲ್ಲಿ ಕೊಟ್ಟ ಬೀಡಾ ಅಂಗಡಿಯ ಪಿಳ್ಳಣ್ಣ ಎರಡು ದಿನ ಅಂಗಡಿ ತೆಗೆಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಬ್ಯಾಂಕಿನ ಕಾಂಪೌಂಡಿನ ಮೇಲೆ ಹೊಸ ಚಿತ್ರವಿತ್ತು. ಈ ಸಲ ಪರಮಶಿವಯ್ಯ ನಾಯಿಮರಿಯಾಗಿ ರಾಯರ ಮೂಗಿನಿಂದ ತೊಟ್ಟಿಕ್ಕುವ ಒಂದೇ ಹನಿಗೆ ನಾಲಿಗೆ ಚಾಚಿದ್ದ. ಅಂಕಮ್ಮ ತಗಡು ಎತ್ತಿದವಳು ಹಾಗೇ ನಿಂತಳು. ಹಸಿ ಕೆಮ್ಮಣ್ಣಿನಲ್ಲಿ ಒಂದು ನಾರು ಅಂಟಿತ್ತು. ತೆಂಗಿನಕಡ್ಡಿಯ ತುದಿ ಅಗಿದು ಕುಂಚ ಮಾಡಿದರೆ ಉದುರುವಂಥ ನಾರು. ನಾಯಿಮರಿಯ ಬಾಲದ ಗೆರೆಗಳು ಬೀಸಣಿಗೆಯ ಹಾಗೆ ಬಿಚ್ಚಿಕೊಂಡು, ಕೊನೆಯಲ್ಲಿ ಚಿಕ್ಕದಾಗಿ ಒಳಕ್ಕೆ ಕೊಕ್ಕೆ ತಿರುಗಿದ್ದವು.

ಅವಳು ಮೆಲ್ಲಗೆ ತಿರುಗಿ ರಸ್ತೆ ನೋಡಿದಳು.

ದಿನವೂ ಕಡ್ಡಿಪೊರಕೆ ಹಿಡಿಯುವವರಿಗೆ ಮಣ್ಣಿನ ಮೇಲಿನ ಗೆರೆ ನೋಡಿದರೆ ಗುಡಿಸಿದವಳ ಹೆಸರು ಗೊತ್ತಾಗುತ್ತದೆ. ಲಕ್ಷ್ಮಮ್ಮನದು ಮೊಂಡು ಗೆರೆ. ಈಶ್ವರಮ್ಮ ರಸ್ತೆಯನ್ನೇ ಉತ್ತುಬಿಡುತ್ತಾಳೆ. ಬ್ಯಾಂಕಿನ ಮುಂದಿನ ಮಣ್ಣಿನಲ್ಲಿ, ಇನ್ನೂ ಯಾರೂ ತುಳಿಯದ ಜಾಗದಲ್ಲಿ, ಅದೇ ಬೀಸಣಿಗೆ ಬಿಚ್ಚಿಕೊಂಡಿತ್ತು. ಅದೇ ಕೊಕ್ಕೆ.

ತಿಮ್ಮಕ್ಕ.

ತಿಮ್ಮಕ್ಕ ಎಡಚಿ ಎಂಬುದು ಅವಳ ಪಕ್ಕದಲ್ಲಿ ಗುಡಿಸುವ ಏಳು ಜನಕ್ಕಷ್ಟೇ ಗೊತ್ತಿತ್ತು. ಬೆಳಬೆಳಗ್ಗೆ ಮನೆ ಮುಂದೆ ಎಡಗೈ ಪೊರಕೆ ಅನಿಷ್ಟ ಎಂದು ಹಿಂದೊಮ್ಮೆ ಯಾರೋ ಅಮ್ಮಾವ್ರು ಅವಳ ಮೇಲೆ ಬಚ್ಚಲ ನೀರು ಎಸೆದಿದ್ದರು. ಅಂದಿನಿಂದ ಬಾಗಿಲು ತೆರೆದ ಸದ್ದಾದರೆ ಸಾಕು, ಅವಳ ಪೊರಕೆ ಬಲಗೈಗೆ ಹಾರುತ್ತಿತ್ತು. ಕಣ್ಣು ಮಂಜಾದ, ಬಾಯಿ ಸತ್ತ ಮುದುಕಿ ಎಂದು ಮೇಸ್ತ್ರಿ ಅವಳನ್ನು ಬೈಯುವುದಕ್ಕೂ ಮರೆಯುತ್ತಿದ್ದ. ಎಡಗೈಯವರ ಬೇಟೆಯಲ್ಲೂ ಅವಳ ನೆನಪು ಯಾರಿಗೂ ಬಂದಿರಲಿಲ್ಲ, ಅಂಕಮ್ಮನಿಗೂ.

ಅಂಕಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಗೋಡೆಗೆ ಹಣೆ ಒತ್ತಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಗು ನಿಂತ ಮೇಲೆ, ತನ್ನ ಕೈಯಲ್ಲಿ ಒಂದು ಹೆಸರು ಇದೆ ಎಂಬುದು ನೆನಪಾಯಿತು.

ಹೊಂಗೆ ಮರದ ಕೆಳಗೆ ತಿಮ್ಮಕ್ಕ ತಂಗಳು ರೊಟ್ಟಿ ಮುರಿಯುತ್ತಿದ್ದಳು. ಅಂಕಮ್ಮ ಪಕ್ಕದಲ್ಲಿ ಕೂತು ಆ ನಾರನ್ನು ಅವಳ ಮೊಣಕಾಲ ಮೇಲೆ ಇಟ್ಟಳು.

"ಕಡ್ಡಿ ಇನ್ನೊಂದಿಷ್ಟು ಅಗೀಬೇಕಿತ್ತು ಕಣಕ್ಕ."

ತಿಮ್ಮಕ್ಕ ನಾರು ನೋಡಿದಳು, ಅಂಕಮ್ಮನನ್ನು ನೋಡಿದಳು. "ಹಲ್ಲೆಲ್ಲೈತೆ ಅಗಿಯಕ್ಕೆ," ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

"ನಗಬ್ಯಾಡ. ನಾಳೆ ಹೆಸರು ಕೇಳ್ತಾನೆ ಆ ಬೋಳಿಮಗ."

"ಹೇಳು. ನಿಂಗೆ ಖಾಯಂ ಮಾಡ್ತೀನಿ ಅಂದವ್ನಂತಲ್ಲ, ಲಕ್ಷ್ಮಿ ಹೇಳಿದ್ಲು. ನಂದೇನು, ಇನ್ನೆರಡು ವರ್ಷಕ್ಕೆ ನಡಾನೇ ಬಗ್ಗಲ್ಲ."

"ಯಾಕೆ ಬರೆದೆ ಮತ್ತೆ?"

ತಿಮ್ಮಕ್ಕ ಬಾಯಲ್ಲಿ ನೆನೆದ ರೊಟ್ಟಿ ನುಂಗಿದಳು. "ಆ ನಲ್ಲಿ ಐತಲ್ಲ, ಅಲ್ಲಿ ನಮ್ಮ ಕೇರಿ ಬಾವಿ ಇತ್ತು. ನಮ್ಮಪ್ಪ ತೋಡಿದ್ದು. ಲೇಔಟ್ ಮಾಡೋವಾಗ ಮಣ್ಣು ತುಂಬಿಸಿ ಹುಲ್ಲು ಹಾಕಿದ್ರು. ಹೋಗ್ಲಿ ಅಂತ ಬಿಟ್ಟೆ. ಬೀಗ ಹಾಕಿದ್ನಲ್ಲ, ಅವತ್ತು ಮನೇಗೆ ಹೋಗಿ ಕೂತೆ, ಎಡಗೈ ಅದರಷ್ಟಕ್ಕೆ ಅದು ನೆಲದ ಮೇಲೆ ಅವನ ಮೂಗು ಗೀಚ್ತಾ ಇತ್ತು. ಬಲೇ ಮೂಗು ಕಣೇ ಅದು. ಬರೆದಷ್ಟೂ ಬರೀಬೇಕು ಅನ್ಸುತ್ತೆ."

ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ದೂರದಿಂದ ನೋಡಿದವರಿಗೆ ಅಳುತ್ತಿದ್ದಾರೆ ಅನಿಸಬೇಕು, ಹಾಗೆ.

ಶನಿವಾರ ಎಂಟು ಗಂಟೆಗೆ ಪಾರ್ಕಿನ ಮುಂದೆ ಎಂಟು ಹೆಂಗಸರನ್ನು ಸಾಲಾಗಿ ನಿಲ್ಲಿಸಿದರು. ಎದುರಿಗೆ ರಾಯರು, ಭೂತಗನ್ನಡಿಯ ಮೇಷ್ಟ್ರು, ಹಾಜರಿ ಪುಸ್ತಕ ಬಗಲಿಗಿಟ್ಟ ಪರಮಶಿವಯ್ಯ. ಹಾಲಿನ ಕ್ಯೂ ಪೂರ್ತಿ ಈ ಕಡೆಗೇ ತಿರುಗಿತ್ತು.

"ಗೊತ್ತಾಯ್ತೇನೇ ಅಂಕಮ್ಮ?"

"ಗೊತ್ತಾಯ್ತು ಸಾಮಿ."

ತಿಮ್ಮಕ್ಕ ಪೊರಕೆಯನ್ನು ಬಲಗೈಯಲ್ಲಿ ಹಿಡಿದು, ತಲೆ ಬಗ್ಗಿಸಿ ನಿಂತಿದ್ದಳು. ಅಂಕಮ್ಮ ಆ ಬಲಗೈಯನ್ನು ನೋಡಿದಳು. ಎರಡು ಅಡ್ಡರಸ್ತೆ ಕಣ್ಣ ಮುಂದೆ ಬಂದವು, ಮುಚ್ಚಿದ ಮಣ್ಣು ಬಂತು.

"ಎಡಗೈಯೋಳು ಸಾಮಿ," ಎಂದಳು.

"ಹೆಂಗಸಾ?" ರಾಯರ ದನಿ ಕೀರಲಾಯಿತು. "ಯಾರವಳು?"

ಅಂಕಮ್ಮ ಪೊರಕೆಯನ್ನು ಎಡಗೈಗೆ ದಾಟಿಸಿಕೊಂಡು, ಬಗ್ಗಿ, ರಾಯರ ಕಾಲಿನ ಕಡೆಗೆ ಒಂದು ಬೀಸು ಬೀಸಿದಳು. ಅಭ್ಯಾಸವಿಲ್ಲದ ಕೈ, ಪೊರಕೆ ಸೊಟ್ಟಗೆ ಹಾರಿ ಹಿಡಿ ಧೂಳು ಅವರ ಪಂಚೆಗೆ ಎದ್ದಿತು.

"ನಾನೇ."

"ಥೂ ಮುಂಡೇದೆ, ನಿಲ್ಸೇ," ಎಂದು ಪರಮಶಿವಯ್ಯ ಮುಂದೆ ಬರುವಷ್ಟರಲ್ಲಿ ಲಕ್ಷ್ಮಮ್ಮನ ಪೊರಕೆಯೂ ಕೈ ಬದಲಾಯಿಸಿತು. "ಅವಳಿಗೆಲ್ಲಿ ಬರ್ತದೆ ಬುದ್ಧಿ ಚಿತ್ರ ಬರೆಯಕ್ಕೆ, ನಾನು," ಎಂದು ಅವಳೂ ಬೀಸಿದಳು. ಈಶ್ವರಮ್ಮ ಎಡಗೈಯಲ್ಲೂ ರಸ್ತೆಯನ್ನು ಉತ್ತಳು. ಒಬ್ಬಳ ಹಿಂದೆ ಒಬ್ಬಳು, ಏಳು ಪೊರಕೆಗಳು ಕುಡಿದವರ ಹಾಗೆ ತೂರಾಡಿದವು. ಎಲೆ, ಕಾಗದ, ಕುದುರೆ ಲದ್ದಿಯ ಪುಡಿ ಮೇಲೆದ್ದವು. ಮೇಸ್ತ್ರಿ ಪುಸ್ತಕ ಬಿಚ್ಚಿ, "ಗೀಟು, ಎಲ್ಲಕ್ಕೂ ಗೀಟು, ನಾಳೆಯಿಂದ ಯಾವಳೂ ಬರಬ್ಯಾಡಿ," ಎಂದು ಕಣ್ಣುಜ್ಜಿಕೊಳ್ಳುತ್ತ ಪೆನ್ಸಿಲ್ ಎಳೆಯುತ್ತಿದ್ದ. ಎಳೆದನೋ, ಗಾಳಿಗೆ ಗೀಚಿದನೋ ಕಾಣುತ್ತಿರಲಿಲ್ಲ.

ಕೊನೆಗೆ ತಿಮ್ಮಕ್ಕ ಕೈ ಬದಲಾಯಿಸಿದಳು. ಬಾಗಿಲುಗಳೆಲ್ಲ ತೆರೆದಿದ್ದವು, ಅಮ್ಮಾವ್ರುಗಳೆಲ್ಲ ಮೆಟ್ಟಿಲ ಮೇಲಿದ್ದರು. ಅವಳು ಯಾರ ಕಡೆಗೂ ನೋಡದೆ ಒಂದು ಬೀಸು ಬೀಸಿದಳು. ಏಳು ಸೊಟ್ಟ ಗೆರೆಗಳ ನಡುವೆ ಒಂದು ಬೀಸಣಿಗೆ ನಿಧಾನವಾಗಿ ಬಿಚ್ಚಿಕೊಂಡು ಕೊನೆಯಲ್ಲಿ ಕೊಕ್ಕೆ ತಿರುಗಿತು.

ಕರಿಬಸವಯ್ಯ ಮೇಷ್ಟ್ರು ಬಗ್ಗಿದರು. ಭೂತಗನ್ನಡಿ ಎತ್ತಿದರು. "ಸೇತುರಾಮ್, ಇಲ್ಲಿ ನೋಡಿ, ಈ ಗೆರೆ—"

ಅಂಕಮ್ಮನ ಪೊರಕೆ ಆ ಗೆರೆಯ ಮೇಲೆ ಹಾದುಹೋಯಿತು. ಒಮ್ಮೆ ಅಡ್ಡ, ಒಮ್ಮೆ ಉದ್ದ. "ಕಾಲು ಎತ್ತಿ ಸಾಮಿ, ಕಸ ಐತೆ," ಎಂದಳು.

ರಾಯರು ಧೂಳಿಗೆ ತಾಳಲಾರದೆ ಎರಡೂ ಕೈಯಿಂದ ಮೂಗು ಮುಚ್ಚಿಕೊಂಡರು. ಹಾಲಿನ ಕ್ಯೂನಲ್ಲಿ ಯಾರೋ ಒಬ್ಬರು, "ತಿರುಗಿಸಿ ಸಾರ್, ನೀರು ಬರುತ್ತೆ," ಎಂದರು. ಕ್ಯೂ ಪೂರ್ತಿ ಹೋ ಎಂದಿತು. ಎಂಟು ಪೊರಕೆಗಳು ಧೂಳು ಎಬ್ಬಿಸುತ್ತ ಪಾರ್ಕಿನ ಗೇಟು ದಾಟಿ, ಬೀಗ ಹಾಕಿದ ನಲ್ಲಿಯ ಕಡೆಗೆ ಗುಡಿಸಿಕೊಂಡು ಹೋದವು.