ಎದುರುವಾದಿಯ ಚೀಟಿ

ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುತ್ತಿದ್ದ ಅಪಾಯ ವಿಶ್ಲೇಷಕರ ಸಂಘಕ್ಕೆ ತನ್ನದೇ ಒಂದು ಪದ್ಧತಿಯಿತ್ತು. ಯಾವ ಕಾರ್ಖಾನೆಯ ವರದಿ ಚರ್ಚೆಗೆ ಬಂದರೂ ಮೊದಲು ಸ್ಟೀಲ್ ಲೋಟದಿಂದ ಒಂದು ಚೀಟಿ ಎತ್ತುವುದು. ಹೆಸರು ಬಂದವರು ಆ ದಿನದ ಎದುರುವಾದಿ. ಮನಸ್ಸಿನಲ್ಲಿ ಒಪ್ಪಿದರೂ ಸರಿ, ಬಾಯಲ್ಲಿ ಅವರು ವರದಿಯನ್ನು ಚಿಂದಿ ಮಾಡಬೇಕು. ಅವರ ಮಾತು ನಡಾವಳಿ ಪುಸ್ತಕ ಸೇರುವುದಿಲ್ಲ. ಅಂದು ಅವರಿಗೆ ಮತವೂ ಇಲ್ಲ.

ಆ ಶನಿವಾರ ಬಂದದ್ದು ಸುಮನಾಳ ಹೆಸರು.

ಚರ್ಚೆಗೆ ಬಂದಿದ್ದುದು ಭದ್ರಾವತಿಯ ಒಂದು ಖಾಸಗಿ ಫೌಂಡ್ರಿಯ ಕ್ರೇನಿನ ವರದಿ. ಕರಗಿದ ಕಬ್ಬಿಣದ ಬಾನಿಯನ್ನು ಎತ್ತುವ ಉಕ್ಕಿನ ಹಗ್ಗ ಇನ್ನಾರು ತಿಂಗಳು ಬಾಳುತ್ತದೆ ಎಂದು ಅದರಲ್ಲಿತ್ತು. ಬುಧವಾರ ಅವಳೇ ಹೋಗಿ ಆ ಹಗ್ಗ ನೋಡಿ ಬಂದಿದ್ದಳು. ಬಾನಿಯ ಕೆಳಗೆ ಕೆಲಸ ಮಾಡುವವರಲ್ಲಿ ಅವಳ ತಮ್ಮ ಪುನೀತನೂ ಒಬ್ಬ. "ನಮ್ಮ ಸಂಘ ಹೇಳೋ ತನಕ ಯಾರೂ ಅದರ ಕೆಳಗೆ ಹೋಗ್ಬೇಡಿ ಕಣೋ" ಎಂದು ಅವನಿಗೆ ಹೇಳಿದ್ದಳು. ಅಂದಿನಿಂದ ಅವನೂ ಜೊತೆಯವರೂ ಅದರ ಕೆಳಗೆ ಹೋಗಿರಲಿಲ್ಲ.

"ಸರ್, ಬೇರೆ ಚೀಟಿ ಎತ್ತಿ. ನಾನು ನಿಜವಾಗ್ಲೂ ಹೇಳೋದಿದೆ" ಎಂದಳು, ಚೀಟಿ ಎತ್ತಿದ ಅಧ್ಯಕ್ಷ ಭೈರಪ್ಪನವರಿಗೆ.

"ಆಗ್ಲೇ ಶುರು ಹಚ್ಕೊಂಡ್ರಲ್ಲ ಮೇಡಂ!" ಎಂದ, ವರದಿ ಬರೆದ ಯೋಗೇಶ. ಎಲ್ಲರೂ ನಕ್ಕರು.

ಸುಮನಾ ಬ್ಯಾಗಿನಿಂದ ಕರವಸ್ತ್ರ ತೆಗೆದು ಬಿಡಿಸಿ ಹಿಡಿದಳು. ಹಗ್ಗದ ಮೇಲೆ ಅದನ್ನು ಒಂದು ಮಾರು ಎಳೆದಿದ್ದಳು, ಅಷ್ಟೆ. ಕಿತ್ತುಬಂದ ತಂತಿಯ ಮುಳ್ಳುಗಳಿಗೆ ಸಿಕ್ಕಿ ಅದು ಹನ್ನೊಂದು ಕಡೆ ಹರಿದಿತ್ತು.

"ಸಾಕ್ಷಿ ಸಮೇತ ಬಂದಿದ್ದಾರೆ ಮಾರಾಯ!" ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹೊಡೆದರು.

"ನನ್ನ ತಮ್ಮ ಅದರ ಕೆಳಗೆ ನಿಲ್ತಾನೆ." ಅವಳು ಕರವಸ್ತ್ರವನ್ನು ಯೋಗೇಶನ ಮುಂದೆ ಹಿಡಿದಳು.

"ಅಬ್ಬಾ, ತಮ್ಮನ್ನೂ ಎಳ್ಕೊಂಡು ಬಂದ್ರು" ಎಂದು ಯೋಗೇಶ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸಭೆಯೂ ತಟ್ಟಿತು. ಆಮೇಲೆ ಹದಿನಾಲ್ಕು ಕೈಗಳು ವರದಿಯ ಪರ ಎದ್ದವು. ಕ್ರೇನ್ ಓಡಿಸಬಹುದೆಂಬ ಒಪ್ಪಿಗೆ ಪತ್ರಕ್ಕೆ ಭೈರಪ್ಪನವರ ಸಹಿ ಬಿತ್ತು. ಅದರ ಫೋಟೋ ಅಲ್ಲಿಂದಲೇ ಫೌಂಡ್ರಿಯ ಮ್ಯಾನೇಜರಿಗೆ ಹೋಯಿತು. ಸುಮನಾಳಿಗೆ ಶಾಲು ಹೊದಿಸಿದರು. ಸಂಘದ ಇತಿಹಾಸದಲ್ಲೇ ಇಂಥ ಎದುರುವಾದ ಆಗಿರಲಿಲ್ಲವಂತೆ.

ಎಲ್ಲರೂ ಉಪ್ಪಿಟ್ಟಿಗೆ ಹೋದ ಮೇಲೆ ಅವಳು ಮೇಜಿನ ಮೇಲಿದ್ದ ಲೋಟವನ್ನು ಬೋರಲು ಹಾಕಿದಳು. ಒಂದು ಚೀಟಿ ಬಿಚ್ಚಿದಳು. ಸುಮನಾ. ಇನ್ನೊಂದು. ಸುಮನಾ. ಮೂರನೆಯದನ್ನು ಬಿಚ್ಚುವಾಗ ಭೈರಪ್ಪ ಬಾಗಿಲಲ್ಲಿ ನಿಂತಿದ್ದರು.

"ನಿನ್ನೆ ಸಂಜೆ ಫೋನ್ ಮಾಡಿ ಎಲ್ಲಾ ಹೇಳಿದ್ಯಲ್ಲಮ್ಮ. ಫೌಂಡ್ರಿಯವರಿಗೆ ಇವತ್ತೇ ಪತ್ರ ಕೊಡ್ತೀನಿ ಅಂತ ಮಾತು ಕೊಟ್ಟಾಗಿತ್ತು, ನಾನಿನ್ನೇನ್ ಮಾಡ್ಲಿ? ಸುಮ್ನಿರು ಅಂದ್ರೆ ಸುಮ್ನಿರೋಳಲ್ಲ ನೀನು" ಎಂದು ಅವರು ಕೈಯಲ್ಲಿದ್ದ ತಟ್ಟೆಯನ್ನು ಅವಳ ಮುಂದಿಟ್ಟರು. "ತಿನ್ನು, ಆರಿಹೋಗತ್ತೆ."

ಅವಳು ಪುನೀತನಿಗೆ ಫೋನ್ ಮಾಡಿದಳು. ಎರಡನೇ ಸಲಕ್ಕೆ ಎತ್ತಿಕೊಂಡ.

"ಅಕ್ಕಾ, ಪತ್ರ ಬಂತು! ನಮ್ಮೋರು ಹೆದರ್ಕೊಂಡು ನಿಂತಿದ್ರು. ಸಂಘದಲ್ಲಿ ನಮ್ಮಕ್ಕನೇ ಇದ್ದಾಳೆ, ಸುಮ್ನೆ ಕೊಡ್ತಾರಾ ಅಂತ ಎಲ್ರನ್ನೂ ಒಪ್ಪಿಸ್ದೆ. ನಾನೇ ಮುಂದೆ ನಿಂತಿದೀನಿ."

"ಪುನೀತಾ, ಹೊರಗ್ ಬಾ! ಹೊರಗ್ ಬಾರೋ!"

"ಹಾ? ಕ್ರೇನ್ ಶುರುವಾಯ್ತು ಅಕ್ಕಾ, ಏನೂ ಕೇಳಿಸ್ತಿಲ್ಲ."

ಅವಳಿಗೆ ಮಾತ್ರ ಎಲ್ಲವೂ ಕೇಳಿಸುತ್ತಿತ್ತು.