ಸತ್ತು ಹದಿನಾಲ್ಕು ವರ್ಷಕ್ಕೆ ಹುಟ್ಟಿದ ಮಗ

ನನ್ನೋಜಿ ಟೀಚರ್ ಇತಿಹಾಸ ಪಾಠ ಮಾಡಲು ಶುರು ಮಾಡಿ ಇಪ್ಪತ್ತೆಂಟು ವರ್ಷವಾಗಿತ್ತು. ಇಪ್ಪತ್ತೈದು ವರ್ಷ ಬೆಂಚಿಗೆ ಐದು ಮಕ್ಕಳು ಒತ್ತಿಕೊಂಡು ಕೂರುವ ಸರ್ಕಾರಿ ಶಾಲೆಗಳಲ್ಲಿ, ಕೊನೆಯ ಮೂರು ವರ್ಷ ಕಂಪಾಲಾದ ಮಕಿಂಡ್ಯೆ ಗುಡ್ಡದ ಮೇಲಿನ ಈ ಅಂತರರಾಷ್ಟ್ರೀಯ ಶಾಲೆಯಲ್ಲಿ. ಇಲ್ಲಿ ಎಂಟನೇ ತರಗತಿಗೆ ಇಪ್ಪತ್ತೊಂದು ಮಕ್ಕಳು, ಒಂಬತ್ತು ದೇಶ. ಬಂದ ವರ್ಷವೇ ಅವರು ಪ್ರಿನ್ಸಿಪಾಲರ ಜೊತೆ ಗುದ್ದಾಡಿ, ಯೂರೋಪಿನ ರಾಜರಾಣಿಯರ ಪಾಠದಿಂದ ಆರು ವಾರ ಕಿತ್ತುಕೊಂಡು ‘ನಮ್ಮ ಮನೆಯ ಇತಿಹಾಸ’ ಎಂಬ ಪಾಠ ಶುರು ಮಾಡಿದ್ದರು. ಮಕ್ಕಳು ಅಜ್ಜಿ, ಅತ್ತೆ, ದೊಡ್ಡಪ್ಪಂದಿರನ್ನು ಕಾಡಿ ಬೇಡಿ ಮನೆತನದ ಸಂಗತಿ ತರಬೇಕು. ತಂದದ್ದನ್ನು ಕಣ್ಣುಮುಚ್ಚಿ ನಂಬದೆ ಜಾಲಿಸಿ ನೋಡಬೇಕು. ಎರಡು ಕಡೆಯ ಸಾಕ್ಷಿ ಹೊಂದದೆ ಯಾವುದನ್ನೂ ನಿಜವೆಂದು ಬರೆಯುವಂತಿಲ್ಲ.

ಈಗ ಆ ಆರು ವಾರಕ್ಕೇ ಕುತ್ತು ಬಂದಿತ್ತು. ಏಳು ದೇಶಗಳಲ್ಲಿ ಶಾಲೆ ನಡೆಸುವ ಆಡಳಿತದವರು ಲುಸಾಕಾದ ಕೇಂದ್ರ ಕಚೇರಿಯಿಂದ ಮ್ವೀಂಗಾ ಎಂಬ ಪಠ್ಯಕ್ರಮದ ಅಧಿಕಾರಿಯನ್ನು ಕಳಿಸಿದ್ದರು. ಮನುಷ್ಯ ಒಳ್ಳೆಯವನೇ, ಆದರೆ ಮೊದಲೇ ತೀರ್ಮಾನ ಮಾಡಿಕೊಂಡು ಬಂದು ಆಮೇಲೆ ವಿಚಾರಿಸುವ ಜಾತಿಯವನು.

“ಮೇಡಂ, ಅಜ್ಜಿ ಕಥೆ ಕೇಳೋಕೆ ಚೆನ್ನಾಗಿರುತ್ತೆ. ಆದ್ರೆ ಅದು ಇತಿಹಾಸ ಅಲ್ವಲ್ಲ,” ಎಂದರು ಬೆಳಗಿನ ಚಹಾದ ಹೊತ್ತಿಗೆ. “ಒಂದು ಕ್ಲಾಸ್ ನೋಡಿ ಇವತ್ತೇ ವರದಿ ಬರೀತೀನಿ. ನನಗನ್ನಿಸೋದು, ಆ ಆರು ವಾರ ಕೈಗಾರಿಕಾ ಕ್ರಾಂತಿಗೆ ಕೊಟ್ಬಿಡೋಣ ಅಂತ.”

“ಮೊದ್ಲು ಕ್ಲಾಸ್ ನೋಡಿ ಸರ್. ಆಮೇಲೆ ಅನ್ನಿಸ್ಕೊಳ್ಳಿ,” ಎಂದರು ನನ್ನೋಜಿ.

ಮಾತೇನೋ ಖಡಕ್ಕಾಗಿ ಬಂತು. ಕಪ್ಪಿನಲ್ಲಿದ್ದ ಚಹಾ ಮಾತ್ರ ಹಾಗೇ ಉಳಿಯಿತು.

ಆ ವಾರದ ಮನೆಪಾಠ ಹೀಗಿತ್ತು: ತಮ್ಮದಲ್ಲದ ಒಂದು ವಂಶಾವಳಿ ಹಿಡಿದು ಅದು ನಿಲ್ಲುತ್ತದೆಯೋ ಬೀಳುತ್ತದೆಯೋ ನೋಡಿಕೊಂಡು ಬರುವುದು. ಕಂಪಾಲಾ ಸುತ್ತಲಿನ ಬುಗಾಂಡಾ ಸೀಮೆಯಲ್ಲಿ ನೀನು ಯಾರು ಎಂದು ಕೇಳಿದರೆ ಬರೀ ಹೆಸರು ಹೇಳಿದರೆ ಸಾಲದು. ಅಪ್ಪ, ಅಜ್ಜ, ಮುತ್ತಜ್ಜ, ಕುಲ, ಎಲ್ಲವನ್ನೂ ಒಂದೇ ಉಸಿರಿಗೆ ಒಪ್ಪಿಸಬೇಕು. ನನ್ನೋಜಿ ಮಾದರಿಗೆಂದು ತಮ್ಮದೇ ಐದು ತಲೆಮಾರನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದರು. ಪಕ್ಕದಲ್ಲಿ ಅಜ್ಜನ ದೀಕ್ಷಾಸ್ನಾನದ ಚೀಟಿಯ ನಕಲು. ಇಪ್ಪತ್ತೆಂಟು ವರ್ಷದಿಂದ, ಶಾಲೆ ಬದಲಾದರೂ, ಅದೇ ಹಾಳೆಯ ಪ್ರತಿ ಗೋಡೆಯ ಮೇಲಿರುತ್ತಿತ್ತು. ಅವರಿಗೆ ಅದರ ಮೇಲೆ ಸ್ವಲ್ಪ ಜಂಬವೇ ಇತ್ತು ಎನ್ನಬೇಕು.

ಮ್ವೀಂಗಾ ಹಿಂದಿನ ಬೆಂಚಿನಲ್ಲಿ ಕಾಗದ ಹರವಿಕೊಂಡು ಕೂತರು. ಮೊದಲು ಎದ್ದವಳು ಹೋದನ್. ಕಂಪಾಲಾದ ಕಿಸೇನಿ ಬಡಾವಣೆಯ ಸೊಮಾಲಿ ಹುಡುಗಿ. ಅಪ್ಪನದು ಲಾರಿ ಬಿಡಿಭಾಗಗಳ ಅಂಗಡಿ. ಅವಳ ಅಜ್ಜಿ ಆರು ವರ್ಷ ತುಂಬುವ ಮೊದಲೇ ಅವಳ ಬಾಯಲ್ಲಿ ಹದಿನೆಂಟು ಅಜ್ಜಂದಿರ ಹೆಸರು ಕೂರಿಸಿದ್ದಳು. ಗೋಡೆಯ ಹಾಳೆಯನ್ನು ಮೊದಲ ದಿನ ನೋಡಿದಾಗಲೇ ಅವಳು ಮೂಗು ಮುರಿದಿದ್ದಳು: “ಐದೇನಾ ಟೀಚರ್? ನಮ್ಮನೇಲಿ ಐದು ಹೇಳಿದ್ರೆ ಊಟ ಹಾಕಲ್ಲ.”

ಈಗ ಅವಳು ಹಾಳೆಯ ಮುಂದೆ ಹೋಗಿ ನಿಂತಳು.

“ನಾನು ಟೀಚರ್ ವಂಶಾನೇ ತಗೊಂಡೆ. ಇದು ಬಿದ್ದೋಗುತ್ತೆ.”

ತರಗತಿ ಗೊಳ್ಳೆಂದಿತು. ಹೋದನ್ ನಗಲಿಲ್ಲ.

“ಟೀಚರ್ ಮುತ್ತಜ್ಜ ಕಬೆಂಗೆ. ನೊಣ ಕಚ್ಚಿ ಬರೋ ನಿದ್ದೆರೋಗದಲ್ಲಿ ಸತ್ರು. ಯಾವಾಗ? ಸರೋವರದ ದಡದ ಜನಾನೆಲ್ಲ ಸರ್ಕಾರ ಒಕ್ಕಲೆಬ್ಬಿಸಿದ ವರ್ಷ ಅಂತ ಟೀಚರೇ ಬರ್ದಿದಾರೆ. ಲೈಬ್ರರಿ ಪುಸ್ತಕದಲ್ಲಿ ಅವರ ಊರಿನ ಕಡೆ ಎಬ್ಬಿಸಿದ್ದು ಸಾವಿರದ ಒಂಬೈನೂರ ಏಳು. ಕಬೆಂಗೆ ಮಗ, ಅಂದ್ರೆ ಟೀಚರ್ ಅಜ್ಜ, ಚರ್ಚ್ ಚೀಟೀಲಿ ನೋಡಿ, ಮೂರು ತಿಂಗಳ ಕೂಸು. ಇಸವಿ ಸಾವಿರದ ಒಂಬೈನೂರ ಇಪ್ಪತ್ತೊಂದು.” ಅವಳು ಬೆರಳನ್ನು ಚೀಟಿಯ ಮೇಲಿಟ್ಟಳು. “ಅಪ್ಪ ಸತ್ತು ಹದಿನಾಲ್ಕು ವರ್ಷ ಆದ್ಮೇಲೆ ಮಗ ಹುಟ್ಟಿದಾನೆ.”

ನನ್ನೋಜಿ ಹಾಳೆಯ ಹತ್ತಿರ ಹೋದರು. ಚೀಟಿ ನೋಡಿದರು, ಹಾಳೆ ನೋಡಿದರು. ಲೆಕ್ಕ ತಪ್ಪಿರಲಿಲ್ಲ. ಸಾವಿರಾರು ಮಕ್ಕಳಿಗೆ ಜಾಲಿಸಿ ನೋಡಿ ಎಂದು ಬಾಯಿ ನೋಯಿಸಿಕೊಂಡವರು ತಮ್ಮ ಮನೆತನದ ಹಾಳೆಯನ್ನೇ ಜಾಲಿಸಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಮ್ವೀಂಗಾ ಸರಸರ ಬರೆಯತೊಡಗಿದ್ದರು. ಏನು ಬರೆಯುತ್ತಿದ್ದಾರೆಂದು ಯಾರೂ ಹೇಳಬೇಕಿರಲಿಲ್ಲ.

‘ಕೂತ್ಕೋ ಹೋದನ್, ಆಮೇಲೆ ಮಾತಾಡೋಣ’ ಎಂದರೆ ಮುಗಿದುಹೋಗುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಅದನ್ನು ಆಡಿದರೆ ಆರು ವಾರ ಉಳಿದೂ ಪ್ರಯೋಜನವಿಲ್ಲ ಎಂದು ಅವರಿಗೆ ಗೊತ್ತಿತ್ತು.

“ಸರಿಯಾಗಿ ಹಿಡಿದೆ,” ಎಂದರು. “ಈಗ ಏನ್ಮಾಡ್ಬೇಕು?”

“ಗೊತ್ತಿರೋರನ್ನ ಕೇಳ್ಬೇಕು.”

ನನ್ನೋಜಿ ಮೇಜಿನ ಮೇಲಿನ ಫೋನ್ ತೆಗೆದುಕೊಂಡು, ಎಲ್ಲರಿಗೂ ಕೇಳುವಂತೆ ಮಾಡಿ, ಮಸಾಕಾ ಕಡೆಯ ಹಳ್ಳಿಯಲ್ಲಿದ್ದ ಸೋದರತ್ತೆಗೆ ಕರೆ ಮಾಡಿದರು. ಸೋದರತ್ತೆಯನ್ನು ಅಲ್ಲಿ ಸೆಂಗಾ ಎಂದು ಕರೆಯುತ್ತಾರೆ. ಈಕೆಗೆ ಎಂಬತ್ತೈದು ವರ್ಷ, ನಾಲಿಗೆ ಮಾತ್ರ ಇನ್ನೂ ಇಪ್ಪತ್ತೈದರದು. ಆ ಕಡೆ ಫೋನ್ ಎತ್ತಿದ ಸದ್ದಾಗುತ್ತಲೇ ಟೀಚರ್ ಅಲ್ಲೇ ಕಪ್ಪುಹಲಗೆಯ ಕೆಳಗೆ ಮಂಡಿಯೂರಿದರು. ಹಿರಿಯರಿಗೆ ನಿಂತುಕೊಂಡು ನಮಸ್ಕಾರ ಹೇಳುವುದುಂಟೇ, ಫೋನಾದರೇನು. ಮ್ವೀಂಗಾ ಪೆನ್ನು ನಿಲ್ಲಿಸಿ ನೋಡಿದರು. ರಾತ್ರಿ ಹೇಗೆ ಕಳೆಯಿತು, ಮಕ್ಕಳು ಹೇಗಿದ್ದಾರೆ, ಬಾಳೆತೋಟ ಹೇಗಿದೆ, ಮೊಣಕಾಲು ಹೇಗಿದೆ ಎಂದು ಕುಶಲ ಮುಗಿಯಲು ಎರಡು ನಿಮಿಷ ಹಿಡಿಯಿತು. ಅಷ್ಟೂ ಲುಗಾಂಡಾ ಭಾಷೆಯಲ್ಲಿ. ಲುಸಾಕಾದ ಅಧಿಕಾರಿಗೆ ಸೊಮಾಲಿ ಹುಡುಗಿ ಪಕ್ಕದಲ್ಲಿ ಕೂತು ಒಂದೊಂದೇ ಮಾತನ್ನು ಇಂಗ್ಲಿಷಿಗೆ ಬಿಡಿಸಿ ಹೇಳಿದಳು.

“ಶಾಲೆ ಹೊತ್ನಲ್ಲಿ ಫೋನ್ ಮಾಡ್ತಿದೀಯಲ್ಲೇ. ಯಾರಾದ್ರೂ ಸತ್ರಾ?”

“ಸತ್ತಿದಾರೆ ಸೆಂಗಾ. ನೂರು ವರ್ಷದ ಮೇಲಾಯ್ತು. ಮುತ್ತಜ್ಜ ಕಬೆಂಗೆ ನಿದ್ದೆರೋಗದಲ್ಲಿ ಹೋದ್ರು ಅಂತೀರಲ್ಲ. ಹಂಗಾದ್ರೆ ನಮ್ಮಜ್ಜ ಯಾರಿಗೆ ಹುಟ್ಟಿದ್ದು?”

“ಕಬೆಂಗೆಗೆ.”

“ಅವರು ಸತ್ತೋಗಿದ್ರಲ್ಲ.”

“ಸತ್ತೋನೂ ಕಬೆಂಗೆ, ಅವನ ಜಾಗದಲ್ಲಿ ಕೂತೋನೂ ಕಬೆಂಗೆ. ನಿಂಗೆ ಓದಿಸಿ ಏನ್ ಬಂತು ಭಾಗ್ಯ?” ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. “ಆ ರೋಗದಲ್ಲಿ ಕಬೆಂಗೆ ಹೋದ, ಹೆಂಡ್ತಿ ಹೋದ್ಲು, ನಾಲ್ಕು ಗಂಡುಮಕ್ಕಳೂ ಹೋದ್ವು. ಮನೇಲಿ ದೀಪ ಹಚ್ಚೋರಿಲ್ಲ. ತಮ್ಮನ ಮಗ ಒಬ್ಬ ಒಳನಾಡಲ್ಲಿದ್ದ, ಅವನನ್ನ ಕರ್ಕೊಂಡು ಬಂದು ಮರದ ತೊಗಟೆಬಟ್ಟೆ ಹೊದಿಸಿ, ಕೈಗೆ ಈಟಿ ಕೊಟ್ಟು, ನೀನೇ ಕಬೆಂಗೆ ಅಂದ್ರು. ಅವತ್ತಿಂದ ಅವನು ಕಬೆಂಗೆ. ಇಪ್ಪತ್ತು ವರ್ಷವೂ ಆಗಿರ್ಲಿಲ್ಲವಂತೆ ಅವನಿಗೆ.”

“ಅವರ ಸ್ವಂತ ಹೆಸರು?”

ಆ ಕಡೆ ಕೋಳಿಗಳನ್ನು ಅಟ್ಟಿದ ಸದ್ದು ಕೇಳಿತು.

“ಲುಬಿಂಗಾ,” ಎಂದಳು ಮುದುಕಿ. ದನಿ ಇಳಿದಿತ್ತು. “ನಮ್ಮಜ್ಜಿ ಒಬ್ಳೇ ಹಂಗೆ ಕರೀತಿದ್ದಿದ್ದು, ಅದೂ ಒಳಮನೇಲಿ. ಆ ಹೆಸರು ನನ್ನ ಬಾಯಲ್ಲಿ ಬಂದು ಎಪ್ಪತ್ತು ವರ್ಷ ಆಯ್ತು ಕಣೇ. ಯಾರೂ ಕೇಳ್ಲೇ ಇಲ್ಲ.”

“ಇವತ್ತೊಬ್ಬ ಹುಡುಗಿ ಕೇಳಿದ್ಲು ಸೆಂಗಾ.”

“ಯಾವ ಕುಲದೋಳು?”

“ನಮ್ಮೋಳಲ್ಲ. ಸೊಮಾಲಿ.”

“ಪರವಾಗಿಲ್ಲ, ಬುದ್ಧಿ ಇದೆ. ಬಾಳೆಗೊನೆ ಕಳಿಸ್ತೀನಿ, ಅವಳಿಗೆ ಕೊಡು. ನೀನು ತಿಂದ್ಬಿಡ್ಬೇಡ.”

ಫೋನ್ ಇಟ್ಟರೂ ನನ್ನೋಜಿಗೆ ಕೂಡಲೇ ಏಳಲಾಗಲಿಲ್ಲ. ಇಪ್ಪತ್ತು ತುಂಬದ ಹುಡುಗನೊಬ್ಬ ಹೆಣಗಳ ಮನೆಗೆ ಬಂದು, ತನ್ನ ಹೆಸರನ್ನು ಬಾಗಿಲಾಚೆ ಬಿಟ್ಟು ಒಳಗೆ ಕಾಲಿಟ್ಟಿದ್ದ. ಅವನು ಬರದಿದ್ದರೆ ಅಜ್ಜನಿಲ್ಲ, ಅಪ್ಪನಿಲ್ಲ, ತಾನೂ ಇಲ್ಲ. ಅವನನ್ನು ನಾನೇ ಇಷ್ಟು ವರ್ಷ ಗೋಡೆಯಿಂದ ಹೊರಗಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು. ಅವನ ರಕ್ತ ತನ್ನದೆಂದು ತಿಳಿದು ಹೆಮ್ಮೆಯೂ ಆಯಿತು, ನಾಚಿಕೆಗಿಂತ ಹೆಚ್ಚಾಗಿಯೇ.

ಎದ್ದು, ಪೆನ್ನನ್ನು ಹೋದನ್ ಕೈಗೆ ಕೊಟ್ಟರು. “ನೀನೇ ಬರಿ.”

ಹೋದನ್ ಕಬೆಂಗೆಯ ಕೆಳಗೆ ಜಾಗ ಮಾಡಿಕೊಂಡು ದುಂಡಗೆ ಬರೆದಳು: ಲುಬಿಂಗಾ. ಒಂದು ಕ್ಷಣ ಯೋಚಿಸಿ, ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಹಾಕಿದಳು.

ಮ್ವೀಂಗಾ ಎದ್ದು ಮುಂದೆ ಬಂದರು. “ಅದ್ಯಾಕಮ್ಮ? ಅಜ್ಜಿ ಅಷ್ಟು ಖಚಿತವಾಗಿ ಹೇಳಿದ್ರಲ್ಲ.”

“ಹೇಳಿದ್ರು ಸರ್. ಆದ್ರೆ ಒಬ್ರೇ ಹೇಳಿದ್ದು. ನಂಗೂ ನಿಜ ಅನ್ನಿಸ್ತು, ಅಳುನೂ ಬಂತು. ಅಳು ಬಂದ್ರೆ ಸಾಕ್ಷಿ ಆಗಲ್ಲ. ಒಳನಾಡಿನ ಆ ಮನೆಯೋರು ತಮ್ಮ ವಂಶದಲ್ಲಿ ಲುಬಿಂಗಾ ಅಂತ ಒಬ್ರಿದ್ರು ಅಂದ್ರೆ ಈ ಚಿಹ್ನೆ ಅಳಿಸ್ತೀನಿ. ಅಲ್ಲೀವರೆಗೂ ಇರ್ಲಿ.”

ಮ್ವೀಂಗಾ ತಮ್ಮ ಕಾಗದಗಳನ್ನು ನೋಡಿದರು. ಮೇಲಿನ ಹಾಳೆಯನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ ಕೋಟಿನ ಜೇಬಿಗೆ ತುರುಕಿಕೊಂಡರು.

“ಮೇಡಂ, ಹದಿನಾರು ವರ್ಷದಿಂದ ಪರೀಕ್ಷೆ ಪತ್ರಿಕೆ ತಿದ್ದುತಿದೀನಿ,” ಎಂದರು. “ಕೈಗೆ ಸಿಕ್ಕಿದ್ದನ್ನ ನಂಬದೆ ನಿಲ್ಲೋ ಮಗು ನಂಗೆ ಸಿಕ್ಕಿದ್ದು ಬಹಳ ಕಮ್ಮಿ. ನಾನೇ ಇವತ್ತು ಬೆಳಗ್ಗೆ ಅರ್ಧ ವರದಿ ಬರ್ಕೊಂಡು ಕ್ಲಾಸಿಗೆ ಬಂದೋನು. ಆ ಆರು ವಾರ ನಿಮ್ಮದೇ. ಕೈಗಾರಿಕಾ ಕ್ರಾಂತಿ ಬೇರೆ ಎಲ್ಲಾದ್ರೂ ಜಾಗ ಹುಡುಕ್ಕೊಳ್ಳಲಿ.”

ಮಕ್ಕಳು ಮೇಜು ಬಡಿದರು. ನನ್ನೋಜಿ ಸುಮ್ಮನಿರಿ ಎನ್ನಲಿಲ್ಲ. ಅವರು ಹೋದನ್‌ಳನ್ನೇ ನೋಡುತ್ತಿದ್ದರು. ತನ್ನ ಟೀಚರನ್ನು ಹೊರಗಿನವರೆದುರು ತಪ್ಪೆಂದು ತೋರಿಸಿದವಳು, ಟೀಚರ ಅತ್ತೆಯ ಮಾತನ್ನೂ ಪೂರ್ತಿ ಒಪ್ಪದವಳು, ಪೆನ್ನಿನ ಮುಚ್ಚಳ ಹಾಕಿ ಜಾಗಕ್ಕೆ ಹೋಗುತ್ತಿದ್ದಳು. ಇಂಥ ಒಬ್ಬಳನ್ನು ತಯಾರು ಮಾಡಲೆಂದೇ ತಾನು ಇಪ್ಪತ್ತೆಂಟು ವರ್ಷ ಸೀಮೆಸುಣ್ಣ ತಿಂದದ್ದು ಎಂದು ಅವರಿಗೆ ಅನ್ನಿಸಿ, ಎದೆ ತುಂಬಿ ಬಂತು.